ಮಂಗರವಳ್ಳಿ
ಅಮೆರಿಕದ ಬರನಾಡಿಗೆ ಯುಕ್ಕಾ ಗಿಡ ಹೇಗೋ, ನಮ್ಮ ಒಣನೆಲಕ್ಕೆ ಮಂಗರವಳ್ಳಿ ಹಾಗೆ. ದ್ರಾಕ್ಷಿ ಕುಟುಂಬದ ಈ ಬಳ್ಳಿಗೆ ಸಂದುಬಳ್ಳಿ ಎಂಬ ಹೆಸರೂ ಉಂಟು, ಸಂಸ್ಕೃತದಲ್ಲಿ ಅಸ್ಥಿಸಂಹಾರ. ನಾಲ್ಕು ಏಣಿನ ರಸಭರಿತ ಹಸಿರು ಕಾಂಡ ಗೆಣ್ಣು ಗೆಣ್ಣಾಗಿ ಬೆಳೆಯುತ್ತದೆ. ಎಳೆಯ ಗೆಣ್ಣಿಗೆ ಒಂದೊಂದೇ ಎಲೆ. ಬೇಸಿಗೆಯಲ್ಲಿ ಅದೂ ಉದುರಿ, ಕಾಂಡವೇ ಎಲೆಯ ಕೆಲಸ ಮಾಡುತ್ತದೆ. ಕೃಷ್ಣಾ ದಂಡೆಯ ಕಬ್ಬಿನ ಊರು ಉಗಾರ ಖುರ್ದದಲ್ಲಿ ಇದಕ್ಕೆ ನೀರಿನ ಕೊರತೆಗಿಂತ ಎರೆಮಣ್ಣಿನ ತೇವವೇ ಶತ್ರು. ಗರಸು ಬೆರೆಸಿ ಸಣ್ಣ ದಿಬ್ಬ ಮಾಡಿ, ಎರಡು-ಮೂರು ಗೆಣ್ಣಿನ ತುಂಡನ್ನು ನೆರಳಿನಲ್ಲಿ ಆರಿಸಿ ಬೇಲಿಯ ಬುಡಕ್ಕೆ ಊರಬೇಕು. ಬೇರು ಬಿಟ್ಟ ಮೇಲೆ ಅಪರೂಪಕ್ಕೆ ನೀರು ಸಾಕು. ಎಳೆ ಕಾಂಡದ ಚಟ್ನಿ ಬಲು ರುಚಿ. ಹಸಿಯಾಗಿ ತಿಂದರೆ ನಾಲಿಗೆ ತುರಿಸುತ್ತದೆ. ಆದ್ದರಿಂದ ಕೈಗೆ ಎಣ್ಣೆ ಸವರಿಕೊಂಡು ನಾರು ತೆಗೆದು, ಹುರಿದು, ಹುಣಸೆಹಣ್ಣು ಸೇರಿಸಿ ರುಬ್ಬುತ್ತಾರೆ.