ಸಿಆರ್‌ಟಿ0

ಸಿಆರ್‌ಟಿ0: ಸಿ ಭಾಷೆಯ ಪ್ರೋಗ್ರಾಂನಲ್ಲಿ ಮೇನ್ ಫಂಕ್ಷನ್‌ಗೂ ಮುಂಚೆ ಓಡುವ ಪುಟ್ಟ ಆರಂಭಿಕ ಕೋಡ್. ಸಾಮಾನ್ಯವಾಗಿ ಅಸೆಂಬ್ಲಿಯಲ್ಲಿರುತ್ತದೆ. ಹೆಸರಿನ ಮೊದಲ ಮೂರು ಅಕ್ಷರಗಳು ಸಿ ರನ್‌ಟೈಮ್ ಎಂಬುದರ ಸಂಕ್ಷೇಪ. ಎಲ್ಲಕ್ಕೂ ಮೊದಲಿನದು ಎಂಬುದಕ್ಕೆ ಸೊನ್ನೆ. ಪ್ರೋಗ್ರಾಂ ಬರೆದವರು ಇದನ್ನು ಎಲ್ಲಿಯೂ ಕರೆದಿರುವುದಿಲ್ಲ. ಲಿಂಕ್ ಮಾಡುವ ಹೊತ್ತಿಗೆ ಕಂಪೈಲರ್ ತಾನಾಗಿಯೇ ಇದನ್ನು ಜೊತೆಗೆ ಸೇರಿಸುತ್ತದೆ.

ಪ್ರೋಗ್ರಾಂ ಮೇನ್‌ನಿಂದ ಶುರುವಾಗುತ್ತದೆ ಎಂದೇ ತರಗತಿಯಲ್ಲಿ ಕಲಿಸುತ್ತಾರೆ. ಬರೆಯುವವರ ಮಟ್ಟಿಗೆ ಅದು ಸರಿ, ಯಂತ್ರದ ಮಟ್ಟಿಗಲ್ಲ. ಸಿ ಭಾಷೆ ನಮಗೆ ಕೆಲವು ಮಾತು ಕೊಟ್ಟಿದೆ: ಬೆಲೆ ಕೊಡದ ಗ್ಲೋಬಲ್ ವೇರಿಯಬಲ್ ಸೊನ್ನೆಯಾಗಿರುತ್ತದೆ, ಬೆಲೆ ಕೊಟ್ಟದ್ದು ಆ ಬೆಲೆಯಲ್ಲೇ ಇರುತ್ತದೆ, ಫಂಕ್ಷನ್ ಕರೆದರೆ ಅದು ಮುಗಿದ ಮೇಲೆ ಹಿಂದಿರುಗಿ ಬರುತ್ತದೆ. ಪ್ರೊಸೆಸರ್‌ಗೆ ಇದಾವುದೂ ತಿಳಿಯದು. ವಿದ್ಯುತ್ ಬಂದ ಗಳಿಗೆಯಲ್ಲಿ ರ‍್ಯಾಮ್‌ನಲ್ಲಿ ಏನಿರುತ್ತದೆಂದು ಯಾರೂ ಹೇಳಲಾರರು. ಕೊಟ್ಟ ಮಾತು ನಡೆಸಿಕೊಡುವ ಹೊಣೆ ಈ ಕೋಡಿನದು. ಇದನ್ನೂ ಸಿ ಭಾಷೆಯಲ್ಲೇ ಬರೆಯೋಣವೆಂದರೆ ಸಿ ಫಂಕ್ಷನ್‌ಗೆ ಸ್ಟ್ಯಾಕ್ ಬೇಕು. ಆ ಸ್ಟ್ಯಾಕ್ ಅಣಿ ಮಾಡಬೇಕಾದದ್ದೇ ಇದು. ಅಸೆಂಬ್ಲಿಯ ಅಗತ್ಯ ಬಿದ್ದದ್ದು ಹೀಗೆ.

ಹೆಸರು ಬಂದದ್ದು ಯುನಿಕ್ಸ್‌ನಿಂದ. ಬೆಲ್ ಲ್ಯಾಬ್ಸ್‌ನ ಏಳನೆಯ ಆವೃತ್ತಿಯಲ್ಲಿ (1979) ಪಿಡಿಪಿ-11 ಯಂತ್ರಕ್ಕಾಗಿ ಬರೆದ ಸಿಆರ್‌ಟಿ0 ಕೆಲವೇ ಸಾಲುಗಳದು. ಮೊದಲ ಆದೇಶ ಫ್ಲೋಟಿಂಗ್ ಪಾಯಿಂಟ್ ಲೆಕ್ಕದ ಘಟಕವನ್ನು ಇಮ್ಮಡಿ ನಿಖರತೆಗೆ ಹೊಂದಿಸುತ್ತದೆ; ಆಮೇಲೆ ಮೇನ್‌ಗೆ ಬೇಕಾದ ಆರ್ಗ್ಯುಮೆಂಟ್‌ಗಳ ಜೋಡಣೆ, ಮೇನ್‌ಗೆ ಕರೆ, ಅದು ಕೊಟ್ಟ ಉತ್ತರವನ್ನು ಎಕ್ಸಿಟ್‌ಗೆ ದಾಟಿಸುವುದು.

ಇಂದಿನ ಲಿನಕ್ಸ್‌ನಲ್ಲಿ ಕೆಲಸ ಹಂಚಿಹೋಗಿದೆ. ಸ್ಟ್ಯಾಕ್ ಕೊಡುವುದು, ವೇರಿಯಬಲ್‌ಗಳನ್ನು ಮೆಮೊರಿಗೆ ತರುವುದು ಕರ್ನಲ್‌ನ ಪಾಲು. ಸ್ಟ್ಯಾಕ್‌ನ ಮೇಲ್ತುದಿಯಲ್ಲಿ ಆರ್ಗ್ಯುಮೆಂಟ್‌ಗಳ ಸಂಖ್ಯೆ, ಅವುಗಳ ವಿಳಾಸಗಳು, ಪರಿಸರ ವೇರಿಯಬಲ್‌ಗಳು, ಕೊನೆಗೆ ಪುಟದ ಅಳತೆಯಂಥ ಪೂರಕ ಮಾಹಿತಿ ಸಾಲಾಗಿರುತ್ತವೆ. ಅಲ್ಲಿಂದ ನಿಯಂತ್ರಣ '_ಸ್ಟಾರ್ಟ್' ಎಂಬ ಗುರುತಿಗೆ ಬರುತ್ತದೆ. (ಹಂಚಿಕೆಯ ಲೈಬ್ರರಿ ಬಳಸುವ ಪ್ರೋಗ್ರಾಂ ಆದರೆ ನಡುವೆ ಡೈನಾಮಿಕ್ ಲಿಂಕರ್ ತನ್ನ ಕೆಲಸ ಮುಗಿಸಿಕೊಳ್ಳುತ್ತದೆ.) ಗುರುತು ಎಂದೇ ಕರೆಯಬೇಕು, ಫಂಕ್ಷನ್ ಎನ್ನಲಾಗದು, ಇದನ್ನು ಯಾರೂ ಕರೆದಿಲ್ಲವಾದ್ದರಿಂದ ಹಿಂದಿರುಗುವ ವಿಳಾಸವೂ ಇಲ್ಲ. 64 ಬಿಟ್‌ನ ಎಕ್ಸ್86 ಯಂತ್ರದಲ್ಲಿ ಜಿಲಿಬ್‌ಸಿ ಲೈಬ್ರರಿಯ ಈ ಭಾಗ ಸುಮಾರು ಹನ್ನೆರಡು ಆದೇಶಗಳಷ್ಟು, ಒಂದೊಂದಕ್ಕೂ ಕಾರಣವಿದೆ. ಮೊದಲು ಫ್ರೇಮ್ ಪಾಯಿಂಟರನ್ನು ಸೊನ್ನೆ ಮಾಡುತ್ತದೆ. ಕರೆಗಳ ಸರಪಳಿಯನ್ನು ಹಿಂಬಾಲಿಸಿ ಬರುವ ಡೀಬಗರ್‌ಗೆ ಇದೇ ಗಡಿಕಲ್ಲು. ಸ್ಟ್ಯಾಕ್ ವಿಳಾಸವನ್ನು 16ರ ಗುಣಕಕ್ಕೆ ಇಳಿಸುತ್ತದೆ. ಇಳಿಸದಿದ್ದರೆ ಮುಂದೆಲ್ಲೋ ಒಂದು ಎಸ್‌ಎಸ್‌ಇ ಆದೇಶ ಪ್ರೋಗ್ರಾಂ ಅನ್ನೇ ಕೆಡವೀತು. ಬಳಿಕ ಮೇನ್‌ನ ವಿಳಾಸ ಹಿಡಿದು ಲೈಬ್ರರಿಯೊಳಗಿನ ದೊಡ್ಡ ಆರಂಭ ಫಂಕ್ಷನ್‌ಗೆ ಕರೆ. ಆ ಕರೆ ಹಿಂದಿರುಗಲೇಬಾರದು. ಅಕಸ್ಮಾತ್ ಹಿಂದಿರುಗಿದರೆ ಅಲ್ಲಿ 'ಹಾಲ್ಟ್' ಕಾದಿರುತ್ತದೆ. ಸಾಮಾನ್ಯ ಪ್ರೋಗ್ರಾಂಗೆ ಅದನ್ನು ನಡೆಸುವ ಅಧಿಕಾರವಿಲ್ಲದ್ದರಿಂದ ಕರ್ನಲ್ ಅಲ್ಲೇ ಪ್ರೋಗ್ರಾಂ ಅನ್ನು ನಿಲ್ಲಿಸುತ್ತದೆ.

ಇಷ್ಟು ಚಿಕ್ಕ ಕೋಡೂ ದಾಳಿಕೋರರಿಗೆ ನೆರವಾದದ್ದುಂಟು. ಪ್ರತಿ ಪ್ರೋಗ್ರಾಂನೊಳಗೂ ಒಂದೇ ರೂಪದಲ್ಲಿ ಅಂಟಿಕೊಂಡಿರುತ್ತಿದ್ದ ಮತ್ತೊಂದು ಆರಂಭಿಕ ಫಂಕ್ಷನ್‌ನ ತುಣುಕುಗಳನ್ನು ಜೋಡಿಸಿ ರಿಜಿಸ್ಟರ್‌ಗಳನ್ನು ವಶಕ್ಕೆ ಪಡೆಯಬಹುದೆಂದು ಭದ್ರತಾ ಸಂಶೋಧಕರು 2018ರಲ್ಲಿ ತೋರಿಸಿದರು. 2021ರಲ್ಲಿ ಬಂದ ಜಿಲಿಬ್‌ಸಿ 2.34 ಆವೃತ್ತಿ ಆ ಫಂಕ್ಷನ್ ಅನ್ನು ಪ್ರೋಗ್ರಾಂನಿಂದ ತೆಗೆದು ಲೈಬ್ರರಿಯೊಳಕ್ಕೆ ಸೇರಿಸಿತು.

ಆರಂಭಿಕ ಕೋಡಿನ ನಿಜವಾದ ದುಡಿಮೆ ಕಾಣಬೇಕಾದರೆ ಕರ್ನಲ್ ಇಲ್ಲದ ಮೈಕ್ರೊಕಂಟ್ರೋಲರ್ ನೋಡಬೇಕು. ಆರ್ಮ್ ಕಾರ್ಟೆಕ್ಸ್-ಎಂ ಚಿಪ್ ರೀಸೆಟ್ ಆದೊಡನೆ ವೆಕ್ಟರ್ ಟೇಬಲ್‌ನ ಮೊದಲ ನಾಲ್ಕು ಬೈಟ್‌ಗಳನ್ನು ಸ್ಟ್ಯಾಕ್ ಪಾಯಿಂಟರ್‌ಗೆ ತುಂಬಿ, ಮುಂದಿನ ನಾಲ್ಕರಲ್ಲಿರುವ ವಿಳಾಸಕ್ಕೆ ಜಿಗಿಯುತ್ತದೆ. ಅಲ್ಲಿರುವುದು ರೀಸೆಟ್ ಹ್ಯಾಂಡ್ಲರ್. ಬೆಲೆ ಕೊಟ್ಟ ವೇರಿಯಬಲ್‌ಗಳಿಗೆ ಇಲ್ಲಿ ಎರಡು ವಿಳಾಸ: ವಿದ್ಯುತ್ ಹೋದರೂ ಅಳಿಯದ ಫ್ಲ್ಯಾಶ್‌ನಲ್ಲಿ ಒಂದು, ಓಡುವಾಗ ಬಳಸುವ ರ‍್ಯಾಮ್‌ನಲ್ಲಿ ಇನ್ನೊಂದು. ಲಿಂಕರ್ ಗುರುತು ಮಾಡಿಕೊಟ್ಟ ಗಡಿಗಳ ನಡುವೆ ಹ್ಯಾಂಡ್ಲರ್ ಒಂದೊಂದೇ ವರ್ಡ್ ಅನ್ನು ಫ್ಲ್ಯಾಶ್‌ನಿಂದ ರ‍್ಯಾಮ್‌ಗೆ ನಕಲು ಮಾಡುತ್ತದೆ. ಬೆಲೆ ಕೊಡದ ವೇರಿಯಬಲ್‌ಗಳ ಬಿಎಸ್‌ಎಸ್ ವಿಭಾಗಕ್ಕೆ ಸೊನ್ನೆ ಬರೆಯುತ್ತದೆ. ಸಿ++ ಇದ್ದರೆ ಗ್ಲೋಬಲ್ ಆಬ್ಜೆಕ್ಟ್‌ಗಳ ಕನ್‌ಸ್ಟ್ರಕ್ಟರ್‌ಗಳನ್ನು ಸರದಿಯಂತೆ ಕರೆದು ಮೇನ್‌ಗೆ ಹೋಗುತ್ತದೆ.

ಈ ಕ್ರಮ ತಪ್ಪಿದರೆ ಬರುವ ದೋಷಗಳು ಬಹಳ ಕಾಡುತ್ತವೆ. ಗಡಿಯಾರದ ವೇಗ ಹೊಂದಿಸುವ ಫಂಕ್ಷನ್ ನಕಲಿಗೂ ಮುಂಚೆ ಓಡಿ ಗ್ಲೋಬಲ್ ವೇರಿಯಬಲ್ ಒಂದರಲ್ಲಿ ಹೊಸ ವೇಗ ಬರೆದಿಟ್ಟರೆ, ಆಮೇಲಿನ ನಕಲು ಅದನ್ನು ಸದ್ದಿಲ್ಲದೆ ಹಳೆಯ ಬೆಲೆಗೆ ತಿರುಗಿಸುತ್ತದೆ. ಸೊನ್ನೆ ತುಂಬುವ ಹೆಜ್ಜೆಯೇ ಬಿಟ್ಟುಹೋದರೆ ಪ್ರೋಗ್ರಾಂ ಒಮ್ಮೆ ಓಡುತ್ತದೆ, ಇನ್ನೊಮ್ಮೆ ಇಲ್ಲ.

ಕಾರ್ಟೆಕ್ಸ್-ಎಂನಲ್ಲಿ ಸ್ಟ್ಯಾಕ್ ಅನ್ನು ಹಾರ್ಡ್‌ವೇರೇ ಇಟ್ಟುಕೊಡುವುದರಿಂದ ಹ್ಯಾಂಡ್ಲರನ್ನು ಸಿ ಭಾಷೆಯಲ್ಲೇ ಬರೆಯುವವರೂ ಇದ್ದಾರೆ. ಅಲ್ಲಿ ಎಚ್ಚರ ಬೇಕು: ಸೊನ್ನೆ ತುಂಬುವ ಲೂಪನ್ನು ಜಿಸಿಸಿ ಗುರುತಿಸಿ ಮೆಮ್‌ಸೆಟ್ ಕರೆಯಾಗಿ ಮಾರ್ಪಡಿಸಬಲ್ಲದು, ಆ ಮೆಮ್‌ಸೆಟ್ ಇನ್ನೂ ನಕಲಾಗದ ರ‍್ಯಾಮ್‌ನಲ್ಲಿ ಇರಬೇಕಾದದ್ದಾದರೆ ಚಿಪ್ ಅಲ್ಲೇ ಕಂಗಾಲು.

ಆರ್ಡುಯಿನೊ ಉನೊದ ಎವಿಆರ್ ಚಿಪ್‌ನಲ್ಲಿ ರ‍್ಯಾಮ್ ಬರೀ 2048 ಬೈಟ್. ಅದರ ಆರಂಭಿಕ ಕೋಡ್ ಆರ್1 ರಿಜಿಸ್ಟರನ್ನು ಸೊನ್ನೆ ಮಾಡುತ್ತದೆ, ಏಕೆಂದರೆ ಅಲ್ಲಿ ಸದಾ ಸೊನ್ನೆಯಿದೆ ಎಂದು ನಂಬಿಯೇ ಕಂಪೈಲರ್ ಮಿಕ್ಕ ಕೋಡ್ ಹೊಸೆದಿರುತ್ತದೆ. ಸ್ಟ್ಯಾಕ್ ಪಾಯಿಂಟರನ್ನು ರ‍್ಯಾಮ್‌ನ ಕೊನೆಯ ವಿಳಾಸಕ್ಕೆ ಇಟ್ಟು, ನಕಲು ಮತ್ತು ಸೊನ್ನೆಯ ಕೆಲಸ ಮುಗಿಸಿ ಮೇನ್ ಅನ್ನು ಕರೆಯುತ್ತದೆ. ಮೇನ್ ಮುಗಿದು ಹಿಂದಿರುಗಿದರೆ ಅದರ ಉತ್ತರ ಪಡೆಯಲು ಅಲ್ಲಿ ಕರ್ನಲ್ ಇಲ್ಲ. ಇಂಟರಪ್ಟ್‌ಗಳನ್ನು ಮುಚ್ಚಿ, ತನ್ನ ಮೇಲೇ ಜಿಗಿಯುವ ಒಂದೇ ಆದೇಶದಲ್ಲಿ ಚಿಪ್ ಮುಂದಿನ ರೀಸೆಟ್‌ವರೆಗೆ ಸುತ್ತುತ್ತಿರುತ್ತದೆ.