ಮಸಕಿನಿಂದ ಮೂಡಿದ ಸ್ಪಷ್ಟತೆ

ಮಸಕಾದ ಛಾಯಾಚಿತ್ರವನ್ನು ತಿಳಿಗೊಳಿಸುವ ಬಗೆ ಯಾವುದು? ಈ ಪ್ರಶ್ನೆಗೆ ವಿಜ್ಞಾನಿಗಳು ಕಂಡುಕೊಂಡ ಉತ್ತರವು ಮೊದಲ ನೋಟಕ್ಕೆ ವಿಪರೀತವಾಗಿ ತೋರುವುದು: ಅದರದೇ ಇನ್ನೂ ಮಸಕಾದ ಒಂದು ಪ್ರತಿಯನ್ನು ಮಾಡಿ, ಅದರ ನೆರವನ್ನು ಪಡೆಯಬೇಕು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಹಿರಿಯರ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಇಂದು ನಮ್ಮ ಕೈಯಲ್ಲಿರುವ ಮೊಬೈಲು ಫೋನು ಚಿತ್ರ ತೆಗೆದ ಕ್ಷಣದಲ್ಲಿಯೇ, ನಮ್ಮನ್ನು ಕೇಳದೆ, ಈ ಸಂಸ್ಕಾರವನ್ನು ನಡೆಯಿಸಿಬಿಡುತ್ತದೆ. ಆದುದರಿಂದ ಇದರ ಪೂರ್ವೋತ್ತರವನ್ನು ತಿಳಿಯುವುದು ಅಪ್ರಸ್ತುತವಾಗಲಾರದು.

ಈ ಕಥೆಯ ಮೂಲವು ಯಂತ್ರದಲ್ಲಿಲ್ಲ, ಕಣ್ಣಿನಲ್ಲಿದೆ. ೧೮೬೫ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಅರ್ನ್ಸ್ಟ್ ಮಾಖ್ ಎಂಬ ಪಂಡಿತರು ಒಂದು ಸೋಜಿಗವನ್ನು ವರ್ಣಿಸಿದರು. ಬೆಳಕು ಕ್ರಮೇಣ ನೆರಳಾಗಿ ಇಳಿಯುವ ಪ್ರದೇಶದ ಎರಡು ಅಂಚುಗಳಲ್ಲಿಯೂ, ವಾಸ್ತವದಲ್ಲಿ ಇಲ್ಲದ ಒಂದು ಬೆಳ್ಳನೆಯ ಗೆರೆಯೂ ಒಂದು ಕಪ್ಪು ಗೆರೆಯೂ ನಮಗೆ ಕಾಣುತ್ತವೆ. ಅಕ್ಷಿಪಟದ ಒಂದೊಂದು ಬಿಂದುವೂ ತನ್ನ ನೆರೆಯ ಬಿಂದುಗಳನ್ನು ಅಡಗಿಸಲೆಳಸುವುದೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು. ಈ ಶತಮಾನಪೂರ್ವದ ಊಹೆಯನ್ನು, ಲಿಮ್ಯುಲಸ್ ಎಂಬ ಕಡಲ ಜೀವಿಯ ಕಣ್ಣನ್ನು ಪರೀಕ್ಷಿಸಿ ಅಮೆರಿಕದ ಹಾರ್ಟ್‌ಲೈನ್ ಎಂಬವರು ಸಮರ್ಥಿಸಿದರು. ೧೯೬೭ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ಅಂಚನ್ನು ಎದ್ದುಕಾಣಿಸುವ ಉಪಾಯವನ್ನು ಪ್ರಕೃತಿಯು ಮನುಷ್ಯನಿಗಿಂತ ಬಹು ಮೊದಲೇ ಅರಿತಿತ್ತು.

ಮನುಷ್ಯನು ಇದನ್ನು ಕತ್ತಲೆಕೋಣೆಗೆ ತಂದದ್ದು ೧೯೩೦ರ ದಶಕದಲ್ಲಿ. ನೆಗೆಟಿವಿನಿಂದ ಒಂದು ತೆಳುವಾದ, ಬೇಕೆಂದೇ ಮಸಕುಗೊಳಿಸಿದ ಪಾಸಿಟಿವನ್ನು ತಯಾರಿಸಿ, ಎರಡನ್ನೂ ಒಂದರ ಮೇಲೊಂದು ಕೂಡಿಸಿ ಮುದ್ರಿಸುತ್ತಿದ್ದರು. ಒಂದರಲ್ಲಿ ಕಪ್ಪಿರುವೆಡೆ ಇನ್ನೊಂದರಲ್ಲಿ ಬಿಳುಪಿರುವುದರಿಂದ ವಿಶಾಲವಾದ ನೆರಳುಬೆಳಕುಗಳು ಬಹುಮಟ್ಟಿಗೆ ಪರಸ್ಪರ ಕಳೆದುಹೋಗುತ್ತವೆ. ಸೂಕ್ಷ್ಮ ವಿವರಗಳು ಮಸಕು ಪ್ರತಿಯಲ್ಲಿ ಇಲ್ಲವಾದುದರಿಂದ ಅವು ಮಾತ್ರ ಅಳಿಯದೆ ಉಳಿದು ಎದ್ದುಕಾಣುತ್ತವೆ. ೧೯೭೦ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಡೇವಿಡ್ ಮ್ಯಾಲಿನ್ ಎಂಬವರು ದೂರದರ್ಶಕದ ಗಾಜಿನ ಫಲಕಗಳಿಗೆ ಈ ವಿಧಾನವನ್ನೇ ಅನ್ವಯಿಸಿ, ದಟ್ಟವಾದ ಬೆಳಕಿನಲ್ಲಿ ಹುದುಗಿದ್ದ ನೀಹಾರಿಕೆಗಳ ರಚನೆಯನ್ನು ಹೊರತೆಗೆದರು.

ಗಣಕಯಂತ್ರವು ಇದೇ ಕೆಲಸವನ್ನು ಅಂಕಿಗಳಿಂದ ಮಾಡುತ್ತದೆ. ಚಿತ್ರದ ಒಂದೊಂದು ಚುಕ್ಕೆಯ ಬೆಳಕಿಗೂ ಒಂದೊಂದು ಅಂಕಿ. ಒಂದು ಸಾಲಿನಲ್ಲಿ ೧೦, ೧೦, ೧೦, ೪೦, ೪೦, ೪೦ ಎಂದಿರಲಿ. ನಡುವೆ ಒಂದು ಅಂಚು ಇದೆಯೆಂದಾಯಿತು. ಪ್ರತಿಯೊಂದಕ್ಕೂ ತಾನೂ ತನ್ನ ಎರಡು ನೆರೆಯವೂ ಸೇರಿದ ಸರಾಸರಿಯನ್ನು ಹಾಕಿದರೆ ೧೦, ೧೦, ೨೦, ೩೦, ೪೦, ೪೦ ಎಂಬ ಮಸಕು ಪ್ರತಿ ಸಿದ್ಧವಾಗುತ್ತದೆ. ಮೂಲದಲ್ಲಿ ಇದನ್ನು ಕಳೆದು, ಬಂದ ವ್ಯತ್ಯಾಸವನ್ನು ಮೂಲಕ್ಕೇ ಕೂಡಿಸಿದರೆ ೧೦, ೧೦, ೦, ೫೦, ೪೦, ೪೦ ಎಂದಾಗುವುದು. ಅಂಚಿನ ಕತ್ತಲ ಬದಿ ಇನ್ನೂ ಕಪ್ಪಾಯಿತು, ಬೆಳಕಿನ ಬದಿ ಇನ್ನೂ ಬೆಳಗಿತು. ಮಾಖ್ ಪಂಡಿತರು ಕಂಡ ಗೆರೆಗಳೇ ಇವು. ಆದರೆ ಈಗ ಭ್ರಮೆಯಾಗಿ ಅಲ್ಲ, ಚಿತ್ರದಲ್ಲಿಯೇ ಬರೆದವಾಗಿ!

ನೆರೆಯ ಬಿಂದುಗಳಿಗೆ ಋಣಭಾರವನ್ನು ಕೊಡುವ ಈ ತತ್ತ್ವದ ಹತ್ತಿರದ ಬಂಧುವೊಂದು ನಮ್ಮ ಬೆಂಗಳೂರಿಗೂ ಸಂಬಂಧಪಟ್ಟಿದೆ. ಹಲವು ದಿಕ್ಕುಗಳಿಂದ ತೆಗೆದ ಕ್ಷಕಿರಣ ಚಿತ್ರಗಳನ್ನು ಸುಮ್ಮನೆ ಕೂಡಿಸಿದರೆ ದೇಹದ ಒಳಚಿತ್ರವು ಮಸಕಾಗಿ ಬರುತ್ತದೆ. ಕೂಡಿಸುವ ಮೊದಲೇ ಒಂದೊಂದನ್ನೂ ಹೀಗೆ ಸಂಸ್ಕರಿಸುವ ಸುಲಭಗಣಿತವನ್ನು ೧೯೭೧ರಲ್ಲಿ ಭಾರತೀಯ ವಿಜ್ಞಾನ ಮಂದಿರದ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಪ್ರಕಟಿಸಿದರು. ಅವರ ಹೆಸರುಗಳ ಮೊದಲಕ್ಷರಗಳಿಂದ ‘ರಾಮ್-ಲಾಕ್’ ಎಂದು ಅದು ಇಂದಿಗೂ ಲೋಕಪ್ರಸಿದ್ಧವಾಗಿದೆ.

ಇನ್ನು, ಈ ವಿದ್ಯೆಯ ಮಿತಿಯನ್ನು ಹೇಳದಿದ್ದರೆ ಪ್ರಬಂಧವು ಅಪೂರ್ಣವಾದೀತು. ಅಂಚನ್ನು ಹರಿತಗೊಳಿಸುವ ಕ್ರಿಯೆಯು ಚಿತ್ರದ ದೂಳನ್ನೂ ಕಲೆಯನ್ನೂ ಹರಿತಗೊಳಿಸುತ್ತದೆ. ಚಿತ್ರದಲ್ಲಿ ದಾಖಲಾಗದ ವಿವರವನ್ನು ಮಾತ್ರ ಸೃಷ್ಟಿಸಲಾರದು. ೧೯೯೦ರಲ್ಲಿ ಆಕಾಶಕ್ಕೇರಿದ ಹಬಲ್ ದೂರದರ್ಶಕದ ೨.೪ ಮೀಟರು ಅಗಲದ ಕನ್ನಡಿಯನ್ನು ತಪ್ಪಾಗಿ ಉಜ್ಜಿದ್ದರಿಂದ ಚಿತ್ರಗಳು ಮಸಕಾದುವು. ಒಂದು ನಕ್ಷತ್ರದ ಬಿಂದುವು ಹೇಗೆ ಹರಡಿತೆಂಬುದನ್ನು ಅರಿತು, ಆ ಹರಡುವಿಕೆಯನ್ನು ಹಿಂದಕ್ಕೆ ಮಡಿಸುವ ಗಣಿತವು ಪ್ರಕಾಶಮಾನವಾದ ವಸ್ತುಗಳಲ್ಲಿ ಸಾಕಷ್ಟು ಸಹಾಯ ಮಾಡಿತು. ಆದರೆ ಕ್ಷೀಣವಾದ ಬೆಳಕಿಗೆ ಗಣಿತವು ಸಾಲಲಿಲ್ಲ. ೧೯೯೩ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ದೋಷಕ್ಕೆ ಪರಿಹಾರವಾದ ಉಪಕರಣಗಳನ್ನು ಕೂಡಿಸಬೇಕಾಯಿತು.

ದೇಹದ ಚಿತ್ರದಲ್ಲಿ ಇದು ಇನ್ನೂ ಗಹನವಾದ ವಿಷಯ. ಎರಡು ಎಲುಬುಗಳ ಅಂಚು ಒಂದರ ಮೇಲೊಂದು ಬಿದ್ದೆಡೆ ಕಣ್ಣು ತಾನಾಗಿ ಕಾಣುವ ಕಪ್ಪುಗೆರೆಯನ್ನು ಬಿರುಕೆಂದು ಭ್ರಮಿಸುವುದುಂಟು. ಅತಿಯಾಗಿ ಹರಿತಗೊಳಿಸಿದ ಚಿತ್ರದಲ್ಲಿ ಆ ಭ್ರಮೆಗೆ ಯಂತ್ರವೂ ಸಾಕ್ಷಿ ಹೇಳುತ್ತದೆ. ಅದಕ್ಕಾಗಿಯೇ ವಿವೇಕಿಗಳಾದ ವೈದ್ಯರು ಸಂಸ್ಕರಿಸಿದ ಚಿತ್ರದ ಪಕ್ಕದಲ್ಲಿ ಮೂಲವನ್ನೂ ಇರಿಸಿಕೊಳ್ಳುತ್ತಾರೆ. ಸ್ಪಷ್ಟವಾಗಿ ಕಂಡುದೆಲ್ಲವೂ ಸತ್ಯವಲ್ಲ. ಸತ್ಯವನ್ನು ಅರಸುವವನು ಮೂಲವನ್ನು ಕಳೆದುಕೊಳ್ಳಬಾರದು.