ಕಬ್ಬಿನ ನಾಲೆಯ ಈಜುಗಾರರು

ಶಾಂತಸಾಗರದ ನಟ್ಟನಡುವಣ ಹವಾಯಿ ದ್ವೀಪಸ್ತೋಮದಲ್ಲಿ ಮೌಯಿ ಎಂಬುದೊಂದು ದ್ವೀಪ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಅದರ ಬಯಲು ಸೀಮೆಯನ್ನು ಕಬ್ಬಿನ ತೋಟಗಳೇ ಆವರಿಸಿದ್ದುವು; ಜಪಾನಿನಿಂದಲೂ ಇತರ ದೇಶಗಳಿಂದಲೂ ಕೂಲಿಯನ್ನರಸಿ ಬಂದವರ ಕುಟುಂಬಗಳು ತೋಟದ ಒಡೆಯರು ಕಟ್ಟಿಸಿದ ಸಾಲುಮನೆಗಳಲ್ಲಿ ವಾಸವಾಗಿದ್ದುವು. ಬೆಟ್ಟದ ನೀರನ್ನು ಗದ್ದೆಗಳಿಗೆ ಒಯ್ಯುತ್ತಿದ್ದ ನಾಲೆಗಳು ಆ ಸಾಲುಮನೆಗಳ ಸಮೀಪದಲ್ಲಿಯೇ ಹರಿಯುತ್ತಿದ್ದುದರಿಂದ, ಬಿಸಿಲೇರಿದ ಹೊತ್ತಿನಲ್ಲಿ ಕೂಲಿಯವರ ಮಕ್ಕಳಿಗೆ ಅವೇ ಸ್ನಾನಘಟ್ಟ, ಅವೇ ಕ್ರೀಡಾಂಗಣ. ನಾಲೆಗಿಳಿಯುವುದು ಕಂಪನಿಯ ಕಟ್ಟಳೆಗೆ ವಿರುದ್ಧ. ಕಾವಲಿನವನು ಬಂದು ಗದರಿಸಿ ಓಡಿಸುವನು. ಅವನು ಅತ್ತ ಮರೆಯಾದೊಡನೆ ಮಕ್ಕಳು ಇತ್ತ ಮತ್ತೆ ನೀರಿಗೆ ಧುಮುಕುವರು.

ಪುಉನೇನೆ ಎಂಬಲ್ಲಿಯ ಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸುತ್ತಿದ್ದ ಸೋಯಿಚಿ ಸಕಾಮೋಟೊ ಎಂಬ ಉಪಾಧ್ಯಾಯರು ಇದನ್ನು ನೋಡಿ, ಮಕ್ಕಳ ಹೊಣೆಯನ್ನು ತಾವು ಹೊರುವುದಾಗಿ ಹೇಳಿ, ಅವರು ನಾಲೆಯಲ್ಲಿ ಈಜಲು ಒಪ್ಪಿಗೆ ಪಡೆದುಕೊಂಡರು. ಸ್ವತಃ ಅವರೇನೂ ನುರಿತ ಈಜುಗಾರರಲ್ಲ. ಆದರೆ ಕಣ್ಣಿಟ್ಟು ನೋಡುವ ಅಭ್ಯಾಸ ಅವರಿಗಿದ್ದಿತು. ನಾಲೆಯೋ ಇಕ್ಕಟ್ಟು, ಆಳ ಅಲ್ಪ. ಓಟ ಮಾತ್ರ ಬಿರುಸು. ನಿಂತ ನೀರಿನಲ್ಲಿ ಈಜುವವನು ದಣಿದರೆ ಕೈ ನಿಲ್ಲಿಸಿ ತೇಲಿಕೊಂಡಿರಬಹುದು. ಸೆಳವಿಗೆ ಎದುರಾಗಿ ಈಜುವ ಹುಡುಗನು ಒಂದು ಕ್ಷಣ ಕೈ ಸಡಿಲಿಸಿದರೂ ನೀರು ಅವನನ್ನು ಹಿಂದಕ್ಕೆ ಒಯ್ದುಬಿಡುವುದು. ಇದ್ದೆಡೆಯಲ್ಲಿ ಇರುವುದಕ್ಕೇ ಅವನು ಎಡೆಬಿಡದೆ ಶ್ರಮಿಸಬೇಕು. ಆದುದರಿಂದ ಸಕಾಮೋಟೊ ಅವರು ಮಕ್ಕಳನ್ನು ಮೊದಲು ಎದುರೀಜಿಗೆ ಬಿಟ್ಟು ಉಸಿರನ್ನೂ ತೋಳನ್ನೂ ಬಲಪಡಿಸಿದರು. ಬಳಿಕ ಹರಿವಿನೊಡನೆ ಕೆಳಮುಖವಾಗಿ ಈಜಿಸಿ, ಮೈ ಹಗುರವಾದಾಗ ಕೈಕಾಲುಗಳ ಚಲನೆಯನ್ನು ತಿದ್ದಿದರು. ಈಜುಕೊಳ ದೊರೆತ ಮೇಲೆ ಕಲಿಸೋಣವೆಂದು ಅವರು ಕಾದು ಕುಳಿತಿದ್ದರೆ ಆ ಮಕ್ಕಳ ಹೆಸರುಗಳು ಇಂದು ಯಾರಿಗೂ ತಿಳಿದಿರುತ್ತಿರಲಿಲ್ಲ. ತಮ್ಮ ಪಾಲಿಗೆ ಬಂದ ನೀರಿನ ಸ್ವಭಾವವನ್ನೇ ಅರಿತು ಅದನ್ನು ಗುರುವನ್ನಾಗಿ ಮಾಡಿದುದರಲ್ಲಿ ಅವರ ಹಿರಿಮೆಯಿದೆಯೆಂದು ನಾನು ತಿಳಿದಿದ್ದೇನೆ.

1937ರಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯ ಹೆಸರು ‘ಮೂರು ವರ್ಷದ ಈಜು ಸಂಘ’. 1940ರ ಒಲಿಂಪಿಕ್ ಕ್ರೀಡೆಗಳು ಟೋಕಿಯೋದಲ್ಲಿ ಜರುಗತಕ್ಕವಾಗಿದ್ದುವು. ಮೂರು ವರ್ಷಗಳ ಸಾಧನೆಯಿಂದ ಕೂಲಿಯವರ ಮಕ್ಕಳು ಅಮೆರಿಕದ ಪರವಾಗಿ ಅಲ್ಲಿ ಈಜಬೇಕೆಂಬುದು ಆ ಹೆಸರಿನೊಳಗಿನ ಸಂಕಲ್ಪ. ಸಂಘ ಸ್ಥಾಪನೆಯಾದ ಮರುವರ್ಷವೇ ಹ್ಯಾಲೊ ಹಿರೋಸೆ ಎಂಬ ತರುಣನು ಅಮೆರಿಕದ ತಂಡದೊಡನೆ ಬರ್ಲಿನ್ನಿಗೆ ಹೋಗಿ, ರಿಲೇ ಸ್ಪರ್ಧೆಯಲ್ಲಿ ವಿಶ್ವದಾಖಲೆ ಸ್ಥಾಪಿಸಿದ ನಾಲ್ವರಲ್ಲಿ ಒಬ್ಬನಾದನು. 1939ರಲ್ಲಿ ಫುಜಿಕೊ ಕಟ್ಸುತಾನಿ ಎಂಬ ಬಾಲಿಕೆಯು ರಾಷ್ಟ್ರೀಯ ಚಾಂಪಿಯನ್ ಆದಳು. ಆದರೆ ಚೀನದ ಮೇಲೆ ಯುದ್ಧ ಹೂಡಿದ್ದ ಜಪಾನು 1938ರಲ್ಲಿಯೇ ಕ್ರೀಡೆಗಳ ಆತಿಥ್ಯವನ್ನು ತ್ಯಜಿಸಿದ್ದಿತು. ಹೆಲ್ಸಿಂಕಿಗೆ ವರ್ಗವಾದ ಆ ಕೂಟವೂ ಮಹಾಯುದ್ಧದ ಉರಿಯಲ್ಲಿ ಬೆಂದುಹೋಯಿತು. ಮೈಯಲ್ಲಿ ಕಸುವು ತುಂಬಿದ ಪ್ರಾಯದಲ್ಲಿ, ಗುರಿಯೇ ಕಣ್ಮರೆಯಾದ ಆ ಮಕ್ಕಳನ್ನು ನೆನೆದರೆ ಮನಸ್ಸು ನೋಯುತ್ತದೆ. ಹಿರೋಸೆಯಾದರೋ, ಜಪಾನೀ ಮೂಲದ ಅಮೆರಿಕನ್ನರ 442ನೆಯ ಸೈನ್ಯವಿಭಾಗವನ್ನು ಸೇರಿ ಯೂರೋಪಿನ ರಣಭೂಮಿಗೆ ತೆರಳಿದನು.

ಈ ಗುರುವಿನ ಶಿಷ್ಯರ ಪೈಕಿ ಒಲಿಂಪಿಕ್ ಸ್ವರ್ಣಪದಕ ಗೆದ್ದವರಲ್ಲಿ ಒಬ್ಬನಾದ ಬಿಲ್ ಸ್ಮಿತ್ ಮೌಯಿಯ ಕೂಲಿಕಾರರ ಮಗನಲ್ಲ, ಹೊನೊಲುಲುವಿನವನು. ಬಾಲ್ಯದಲ್ಲಿ ವಿಷಮಶೀತಜ್ವರ ತಗಲಿ ದೇಹ ಸೊರಗಿಹೋದಾಗ, ಕಳೆದುಕೊಂಡ ಬಲವನ್ನು ಮರಳಿ ಪಡೆಯಲೆಂದು ಅವನು ಈಜು ಕಲಿತನು. ಬಹುಮಾನದ ಆಸೆಯಿಂದಲ್ಲ, ಬದುಕಿನ ಆಸೆಯಿಂದ ನೀರಿಗಿಳಿದ ಆ ಹುಡುಗನು ಹದಿಹರೆಯದಲ್ಲಿ ಮೌಯಿಗೆ ಬಂದು ಸಕಾಮೋಟೊ ಅವರ ಮನೆಯಲ್ಲಿಯೇ ಉಳಿದು ಅವರ ಶಿಕ್ಷಣದಲ್ಲಿ ಬೆಳೆದನು. ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾಭ್ಯಾಸ, ಯುದ್ಧಕಾಲದಲ್ಲಿ ನೌಕಾಪಡೆಯ ಸೇವೆ. ಈಜನ್ನು ಮಾತ್ರ ಬಿಡಲಿಲ್ಲ. 1948ರಲ್ಲಿ ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ 400 ಮೀಟರ್ ಈಜನ್ನು 4 ನಿಮಿಷ 41 ಸೆಕೆಂಡುಗಳಲ್ಲಿ ಮುಗಿಸಿ ಒಲಿಂಪಿಕ್ ದಾಖಲೆಯೊಡನೆ ಗೆದ್ದನು. ರಿಲೇ ಸ್ಪರ್ಧೆಯಲ್ಲಿ ಎರಡನೆಯ ಸ್ವರ್ಣಪದಕವೂ ಬಂದಿತು.

ನಾಲೆಯಲ್ಲಿ ಕಲಿತ ಕಿಯೊ ನಕಾಮಾ ಎಂಬಾತನಿಗೆ ಒಲಿಂಪಿಕ್ ಭಾಗ್ಯ ಲಭಿಸಲಿಲ್ಲ. ಆದರೂ ಈಜಿನ ಹಂಬಲ ಆತನನ್ನು ಬಿಟ್ಟುಹೋಗಲಿಲ್ಲ: 1961ರಲ್ಲಿ, ನಲವತ್ತು ದಾಟಿದ ಮೇಲೆ, ಮೊಲೊಕಾಯಿ ಮತ್ತು ಓವಾಹು ದ್ವೀಪಗಳ ನಡುವಣ ಕಡಲ ಕಾಲುವೆಗಿಳಿದು, ಹದಿನೈದು ಗಂಟೆಗಳಿಗೂ ಮಿಕ್ಕಿ ಈಜಿ, ಅದನ್ನು ದಾಟಿದ ಮೊದಲಿಗನೆಂಬ ಕೀರ್ತಿಗೆ ಪಾತ್ರನಾದನು.